ಮೂರು ಸಲ ಬಿಚ್ಚಿದ ರವಿಕೆ

ಭಟ್ಕಳದ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯಲು ಕೂತು ಮೂವತ್ತು ವರ್ಷ ದಾಟಿತು. ಹೇಳಿದ ದಿನಕ್ಕೆ ಬಟ್ಟೆ ಕೊಡದವಳು ಎಂಬ ಹೆಸರೊಂದನ್ನು ಬಿಟ್ಟರೆ ನನಗೆ ಬೇರೆ ಕೆಟ್ಟ ಹೆಸರಿರಲಿಲ್ಲ. ಆ ಹೆಸರನ್ನೂ ಬಾಯಿಯ ಬಲದಿಂದ ಸಂಭಾಳಿಸಿಕೊಂಡು ಬಂದಿದ್ದೆ. ಗಿರಾಕಿ ಸಿಟ್ಟಿನಿಂದ ಮೆಟ್ಟಿಲು ಹತ್ತಿದರೆ ಮೊದಲು ಸ್ಟೂಲು ಕೊಡುವುದು, ಆಮೇಲೆ ಫ್ಯಾನು ಅವಳ ಕಡೆ ತಿರುಗಿಸುವುದು, ಆಮೇಲೆ ಒಂದು ಕತೆ ಶುರು ಮಾಡುವುದು. ಕತೆ ಮುಗಿಯುವಷ್ಟರಲ್ಲಿ ಹುಕ್ ಹಚ್ಚಿ ಮುಗಿದಿರುತ್ತಿತ್ತು.

ಎಲ್ಲರಿಗೂ ಇಷ್ಟವಾಗುತ್ತಿದ್ದದ್ದು ನನ್ನನ್ನು ಹೆತ್ತ ಆಯಿಯ ಮದುವೆ ರವಿಕೆಯ ಕತೆ. ಆಯಿಗೆ ಮದುವೆಯಾದಾಗ ಹದಿನಾಲ್ಕು ವರ್ಷ. ಮಗಳು ಇನ್ನೂ ಬೆಳೆಯುವವಳು, ಇಷ್ಟು ಒಳ್ಳೆಯ ಬಟ್ಟೆ ಒಂದೇ ವರ್ಷಕ್ಕೆ ದಂಡವಾಗಬಾರದು ಎಂದು ನನ್ನ ಅಜ್ಜಿ ಕುಮಟೆಯ ದರ್ಜಿಗೆ ಹೇಳಿ, ಎರಡೂ ಪಕ್ಕೆಯ ಹೊಲಿಗೆಯ ಒಳಗೆ ಮೂರು ಮೂರು ಬೆರಳು ಬಟ್ಟೆ ಬಿಡಿಸಿದ್ದಳು. ಮಡಿಕೆಯಾಗಿ ಕೂತ ಆ ದಪ್ಪ ಬಟ್ಟೆ ಧಾರೆಯ ಹೊತ್ತಿಗೆ ಚುಚ್ಚತೊಡಗಿ, ಭಟ್ಟರು ಮಂತ್ರ ಹೇಳುತ್ತಿದ್ದರೆ ಮದುಮಗಳು ಪರಪರ ಪಕ್ಕೆ ತುರಿಸಿಕೊಳ್ಳುತ್ತ ಕೂತಿದ್ದಳಂತೆ. ಆ ತುರಿಕೆಯನ್ನು ನಾನು ಅಭಿನಯಿಸಿ ತೋರಿಸುತ್ತಿದ್ದೆ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಆಯಿ ಬೆಳೆದ ಹಾಗೆಲ್ಲ ಹೊಲಿಗೆ ಬಿಚ್ಚಿ ಬಿಚ್ಚಿ ಹೊರಗೆ ತಂದದ್ದು, ಮೂರು ಸಲ ಬಿಚ್ಚಿಯೂ ರವಿಕೆ ಹರಿಯದೆ ಇದ್ದದ್ದು, ಈಗಲೂ ಧಾರೇಶ್ವರದಲ್ಲಿ ನನ್ನ ತಮ್ಮನ ಮನೆಯ ಪೆಟ್ಟಿಗೆಯಲ್ಲಿ ಅದು ಭದ್ರವಾಗಿರುವುದು. ಕೊನೆಗೆ ನನ್ನ ಉಪದೇಶ: ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಧಾರಾಳ ಬಿಡಬೇಕು, ಅದರಲ್ಲಿ ಜಿಪುಣತನ ಮಾಡಬಾರದು.

ನಾನು ಹೊಲಿಗೆ ಕಲಿತದ್ದೂ ಆ ರವಿಕೆ ನೋಡಿಯೇ. ಪಕ್ಕೆಯ ಹೊಲಿಗೆಯನ್ನು ತಿರುವಿದರೆ ಒಳಗೆ ಹಳೆಯ ಸೂಜಿತೂತುಗಳ ಸಾಲುಗಳು ಕಾಣುತ್ತವೆ. ಎಲ್ಲಕ್ಕಿಂತ ಒಳಗಿನದು, ಅತಿ ಬಿಗಿಯದು, ಮದುವೆಯದು. ಅಲ್ಲಿಂದ ಬಟ್ಟೆಯ ತುದಿಯ ಕಡೆಗೆ ಒಂದೊಂದು ಸಾಲೂ ಆಯಿಯ ಒಂದೊಂದು ವಯಸ್ಸು ಎಂದು ಲೆಕ್ಕ ಹಾಕಿಕೊಂಡಿದ್ದೆ. ದರ್ಜಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ ಎಂಬ ಜಂಬ ಬೇರೆ.

ಆ ವರ್ಷ ಮಾರ್ಚಿನಲ್ಲಿ ತೆಂಗಿನಗುಂಡಿ ಕಡೆಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹಳೆಯ ಗಿರಾಕಿ. ಗಂಡ ಬೋಟಿಗೆ ಹೋಗುವವನು. ಇವಳು ಮೀನು ಒಣಗಿಸುವಲ್ಲಿ ಕೂಲಿ ಕೆಲಸ ಮಾಡಿ, ಮೂರು ಮಕ್ಕಳನ್ನು ಒಪ್ಪವಾಗಿ ಶಾಲೆಗೆ ಕಳಿಸುತ್ತಿದ್ದವಳು. ಮಗಳ ಹೈಸ್ಕೂಲಿನ ಯೂನಿಫಾರ್ಮ್ ಮೂರು ವರ್ಷವೂ ನಾನೇ ಹೊಲಿದದ್ದು. ಹುಡುಗಿ ಹತ್ತನೇ ತರಗತಿ, ಪರೀಕ್ಷೆ ಎದುರಿಗಿತ್ತು. ಮುಖದ ತುಂಬ ಮೊಡವೆ, ಕೈಯಲ್ಲಿ ಹಾಲ್ ಟಿಕೆಟ್ ಇಟ್ಟ ಪ್ಲಾಸ್ಟಿಕ್ ಕವರು.

ತಾಯಿ ಚೀಲದಿಂದ ತೆಗೆದದ್ದು ಕೆಂಪು ರೇಷ್ಮೆಯ ಬ್ಲೌಸ್ ಪೀಸು. ಶಾಲೆಯಲ್ಲಿ ಬೀಳ್ಕೊಡುಗೆ ಇರಬೇಕು, ಈಗಿನ ಹುಡುಗಿಯರು ಅದಕ್ಕೂ ಸೀರೆ ಉಡುತ್ತಾರಲ್ಲ ಎಂದುಕೊಂಡೆ. ಪರೀಕ್ಷೆ ಬಿಟ್ಟು ಸೀರೆಯ ಸಡಗರವೆ ಎಂದು ಹುಡುಗಿಯನ್ನು ಕೆಣಕಿದೆ ಕೂಡ. ಅವಳು ನಗಲಿಲ್ಲ. ತೋಳಿಗೆ ಕಸೂತಿ ಮಾಡಿಸಬೇಕು, ಬೆನ್ನಿಗೆ ಜೋತುಬಿಡುವ ಗೊಂಡೆ ಬೇಕು, ಒಳಗೆ ಒಳ್ಳೆಯ ಲೈನಿಂಗ್ ಹಾಕಬೇಕು ಎಂದು ತಾಯಿ ಒಂದೊಂದೇ ಹೇಳುತ್ತ ಹೋದಳು. ಬೀಳ್ಕೊಡುಗೆಗೆ ಯಾರೂ ಅಂಥ ರವಿಕೆ ಹೊಲಿಸುವುದಿಲ್ಲ. ಆಮೇಲೆ ಸ್ವರ ತಗ್ಗಿಸಿ ಹೇಳಿದಳು.

"ಅಕ್ಕ, ಒಳ್ಗೆ ಬಟ್ಟೆ ಜಾಸ್ತಿ ಬಿಡಿ. ಬೆಳಿಯೂ ಹುಡ್ಗಿ. ನೀವೇ ಹೇಳಿದ್ರಲ್ಲ, ನಿಮ್ಮ ಆಯಿ ಮದ್ವೆ ಪೋಲ್ಕ ಮೂರು ಸಲ ಬಿಚ್ಚಿ ಹೊಲಿದದ್ದು. ಹಂಗೇ ಮಾಡಿ."

ನನ್ನ ಕೈಯ ಟೇಪು ಅಲ್ಲೇ ನಿಂತಿತು. ಅಂಥದ್ದೆಲ್ಲ ಆಯಿಯ ಕಾಲಕ್ಕೆ ಮುಗಿಯಿತು ಎಂದು ನಂಬಿಕೊಂಡವಳು ನಾನು. ಈಗ ಪಿಯುಸಿ ಮುಗಿಸದ ಹುಡುಗಿಗೆ ಯಾರು ಗಂಡು ನೋಡುತ್ತಾರೆ, ಕಾಲ ಬದಲಾಗಿದೆ ಎಂದು ಬಂದವರೆದುರು ಭಾಷಣ ಮಾಡುತ್ತಿದ್ದವಳು. ಆ ಭಾಷಣ ಯಾರ ಕಿವಿಗೂ ಬಿದ್ದಿರಲಿಲ್ಲ. ಬಿದ್ದದ್ದು ತಮಾಷೆಯ ಕತೆ. ನಾನು ನಗಿಸಲು ಹೇಳಿದ್ದನ್ನು ಈ ತಾಯಿ ಬುದ್ಧಿಮಾತು ಎಂದು ಮನೆಗೆ ಕಟ್ಟಿಕೊಂಡು ಹೋಗಿದ್ದಳು.

ಗಂಡು ಹೊನ್ನಾವರ ಕಡೆಯವನಂತೆ, ಗೋವೆಯಲ್ಲಿ ಕೆಲಸವಂತೆ, ಬಲು ಒಳ್ಳೆಯ ಜನವಂತೆ. ಹುಡುಗಿ ಮೊಬೈಲಿನಲ್ಲಿ ಯಾರ ಜೊತೆಗೋ ಮಾತಾಡುತ್ತಾಳೆ ಎಂದು ಓಣಿಯಲ್ಲಿ ಸುದ್ದಿಯಾದ ಮೇಲೆ ತನ್ನ ಗಂಡನಿಗೆ ಬೋಟಿನಲ್ಲಿ ನಿದ್ದೆ ಬರುವುದಿಲ್ಲವಂತೆ. ಪರೀಕ್ಷೆ ಮುಗಿದು ತಿಂಗಳಿಗೆ ಮನೆಯ ಮಟ್ಟಿಗೆ ಮದುವೆ, ಕಾಗದಪತ್ರ ಮಾಡಿಸುವುದೆಲ್ಲ ಹದಿನೆಂಟಾದ ಮೇಲೆ. ಓದುವುದಿದ್ದರೆ ಅಲ್ಲಿಂದಲೇ ಓದಲಿ ಎಂದಿದ್ದಾರಂತೆ. ತಾಯಿ ಇದನ್ನೆಲ್ಲ ಒಪ್ಪಿಸಿದ ಪಾಠದ ಹಾಗೆ ಗಡಬಡಿಸಿ ಹೇಳಿ ಮುಗಿಸಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನಾನೇನು ಮಾಡಿದೆ? ಅಳತೆ ತೆಗೆದುಕೊಂಡೆ. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ, ಅವತ್ತು ನಾನು ಬಾಯಿ ಬಿಡಲಿಲ್ಲ. ಹುಡುಗಿಗೆ ಕೈ ಎತ್ತು ಎಂದೆ, ಎತ್ತಿದಳು. ತಿರುಗು ಎಂದೆ, ತಿರುಗಿದಳು. ಎದೆ ಮೂವತ್ತು. ಯೂನಿಫಾರ್ಮಿಗೆ ಅಳೆದಾಗ ಇಪ್ಪತ್ತೊಂಬತ್ತು ಇತ್ತು. ನಾನು ಅವಳ ಬೆನ್ನ ಹಿಂದೆ ಭುಜ ಅಳೆಯುತ್ತಿದ್ದಾಗ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅಕ್ಕ, ಕಾಲೇಜಿಗೂ ಚೂಡಿದಾರನೇ ಅಲ್ಲಾ ಯೂನಿಫಾರ್ಮು?"

ಹೌದು ಎಂದೆ. ನಾನು ಚೀಟಿ ಬರೆದು, ಅದರ ಮೂಲೆಯಲ್ಲಿ ಮಾಮೂಲಿನಂತೆ 'ಜಾಸ್ತಿ ಬಿಡು' ಎಂದು ಗುರುತು ಹಾಕಿ, ಬಟ್ಟೆಗೆ ಪಿನ್ನು ಚುಚ್ಚಿಟ್ಟೆ.

ಅವರು ಹೋದ ಮೇಲೆ ಆ ಎರಡು ಶಬ್ದಗಳನ್ನು ನೋಡುತ್ತ ಕೂತೆ. ಅಟ್ಟದ ಮೇಲಿದ್ದ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿ ತಿರುವಿದೆ. ಅಂಗಡಿ ಹಾಕಿದ ಮೊದಲ ವರ್ಷಗಳ ಪುಸ್ತಕಗಳಲ್ಲಿ ಸಿಕ್ಕಿತು: ಎದೆ ಇಪ್ಪತ್ತೆಂಟೂವರೆ, ಮದುವೆ, ಜಾಸ್ತಿ ಬಿಡು. ಇನ್ನೊಂದು: ಇಪ್ಪತ್ತೊಂಬತ್ತು, ಮದುವೆ, ಜಾಸ್ತಿ ಬಿಡು. ಮತ್ತೆ ಎರಡು. ಎಲ್ಲವೂ ನನ್ನದೇ ಗುಂಡು ಅಕ್ಷರ. ಆ ಹುಡುಗಿಯರ ಮುಖ ನೆನಪಿಗೆ ಬರಲಿಲ್ಲ. ಅಷ್ಟು ಸಲೀಸಾಗಿ ಹೊಲಿದು ಕಳಿಸಿದ್ದೆ. ನನಗೆ ನನ್ನ ಬಗ್ಗೆ ಹೇಸಿಗೆಯಾಯಿತು.

ಆ ಭಾನುವಾರ ಧಾರೇಶ್ವರಕ್ಕೆ ಹೋದೆ. ಹದಿನೈದು ದಿನಕ್ಕೊಮ್ಮೆ ಆಯಿಯನ್ನು ನೋಡಲು ಹೋಗುವುದು ನನ್ನ ರೂಢಿ. ಎಪ್ಪತ್ತೈದು ದಾಟಿದ ಅವಳು ಗಿಡ್ಡ ಹೆಂಗಸು. ಅವಳ ಇಬ್ಬರು ತಂಗಿಯರೂ ಅವಳಿಗಿಂತ ಗೇಣು ಎತ್ತರ. ಮೂವರೂ ಒಟ್ಟಿಗೆ ನಿಂತಾಗ ಅಕ್ಕ ಯಾರು ತಂಗಿ ಯಾರು ಎಂದು ನಾವೆಲ್ಲ ಗೇಲಿ ಮಾಡುವುದಿತ್ತು. ಆಯಿಯೂ ನಮ್ಮ ಜೊತೆ ನಗುತ್ತಿದ್ದಳು.

ಊಟವಾದ ಮೇಲೆ ಜಗುಲಿಯಲ್ಲಿ ಕೂತು ಆಯಿಗೆ ತೆಂಗಿನಗುಂಡಿಯ ಹುಡುಗಿಯ ವಿಷಯ ಹೇಳಿದೆ. ನಿನ್ನ ರವಿಕೆಯ ಹೆಸರು ಹೇಳಿಯೇ ಹೊಲಿಯಲು ಕೊಟ್ಟು ಹೋದಳು ಎಂದೂ ಹೇಳಿದೆ. ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಎದ್ದು ಒಳಗೆ ಹೋಗಿ, ಪೆಟ್ಟಿಗೆಯಿಂದ ರವಿಕೆ ತಂದು ನನ್ನ ಮಡಿಲಿಗೆ ಹಾಕಿದಳು. ಬಣ್ಣ ಮಾಸಿ ನೇರಳೆಯೋ ಕಂದೋ ಗೊತ್ತಾಗದ ಬಟ್ಟೆ, ನುಸಿಗುಳಿಗೆಯ ವಾಸನೆ. ನಾನು ರೂಢಿಯಂತೆ ಪಕ್ಕೆ ತಿರುವಿ ಸಾಲುಗಳ ಮೇಲೆ ಬೆರಳು ಆಡಿಸಿದೆ. ಇದು ಮದುವೆಯದು, ಇದು ಒಂದನೇ ಸಲ ಬಿಚ್ಚಿದ್ದು, ಇದು ಎರಡನೇದು, ಈ ತುದಿಯದು ಕೊನೆಯದು.

"ಅಲ್ಲ," ಎಂದಳು ಆಯಿ. "ತುದಿದೇ ಮೊದಲ್ನೇದು."

ಅದು ಹೇಗಾಗುತ್ತದೆ ಎಂದು ವಾದಕ್ಕೆ ಇಳಿದೆ. ಬೆಳೆಯುವ ಮೈಗೆ ಹೊಲಿಗೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ, ಒಮ್ಮೆಲೇ ತುದಿಗೆ ಹೋಗಿ ಮತ್ತೆ ಒಳಗೆ ಬರುವುದಿಲ್ಲ, ನಾನು ಕಾಣದ ಹೊಲಿಗೆಯೇ ಎಂದೆ. ಆಯಿ ತುದಿಯ ಸಾಲನ್ನು ಉಗುರಿನಿಂದ ತೋರಿಸಿದಳು. ಉಳಿದ ಸಾಲುಗಳೆಲ್ಲ ಮಿಷನ್ನಿನವು, ಸಮನಾದ ತೂತುಗಳು. ಇದು ಮಾತ್ರ ಕೈಹೊಲಿಗೆ, ಸೊಟ್ಟಪಟ್ಟ, ಒಂದೆರಡು ಕಡೆ ಕಪ್ಪು ದಾರದ ತುಣುಕು ಇನ್ನೂ ಉಳಿದಿತ್ತು. ನೂರು ಸಲ ನೋಡಿದ್ದೆ. ಕೊನೆಕೊನೆಗೆ ದರ್ಜಿಗೆ ಕೊಡುವ ಉಪದ್ವ್ಯಾಪ ಯಾಕೆಂದು ಮನೆಯಲ್ಲೇ ಹೊಲಿದಿರಬೇಕು ಎಂದು ನಾನೇ ಸಮಾಧಾನ ಕಟ್ಟಿಕೊಂಡಿದ್ದೆ.

"ನಂಗೆ ಹದಿನೈದರಲ್ಲಿ ಬಸಿರು. ಬಯಕೆ ಊಟಕ್ಕೆ ಇದನ್ನೇ ತೊಡಬೇಕಾಗಿತ್ತು, ಬೇರೆ ಒಳ್ಳೇ ಪೋಲ್ಕ ಇರ್ಲಿಲ್ಲ. ಮೈಗೆ ಬರ್ಲಿಲ್ಲ. ನಿನ್ನ ಅಜ್ಜಿ ಕೂತು ಬಿಚ್ಚಿ ಕೈಯಲ್ಲಿ ಹೊಲ್ದು ಕೊಟ್ರು. ಕೂಸು ಮೂರು ದಿನ ಇತ್ತು. ಎದೆಹಾಲು ಬತ್ತಿದ್ಮೇಲೆ ಮತ್ತೆ ಒಳ್ಗೆ ಹೊಲ್ಸಿದ್ರು. ಉಳಿದದ್ದೆಲ್ಲ ಆಮೇಲಿಂದು."

ನನಗೆ ಐವತ್ತೈದು ವರ್ಷ. ನಾನು ಮನೆಯ ಹಿರಿಯ ಮಗಳು ಎಂದುಕೊಂಡೇ ಇಷ್ಟು ಕಾಲ ಬದುಕಿದವಳು. ಕೈಯಲ್ಲಿದ್ದ ರವಿಕೆಯನ್ನು ಎಲ್ಲಿ ಇಡಬೇಕು ಎಂದು ತಿಳಿಯಲಿಲ್ಲ. ಮಡಿಲಲ್ಲಿ ಇಟ್ಟುಕೊಳ್ಳಲು ಹೆದರಿಕೆ, ಕೆಳಗೆ ಇಡಲು ಮನಸ್ಸಿಲ್ಲ. ಈ ತುದಿಯ ಸಾಲನ್ನು ಗಿರಾಕಿಗಳಿಗೆ ವರ್ಣಿಸಿ, ಆಗ ಆಯಿ ದುಂಡಗೆ ಆಗಿಬಿಟ್ಟಿದ್ದಳು ಎಂದು ಕೆನ್ನೆ ಉಬ್ಬಿಸಿ ತೋರಿಸಿ ನಗಿಸಿದ್ದು ನೆನಪಾಯಿತು. ಎಷ್ಟು ಸಲ! ಆಯಿಯ ಎದುರಿಗೇ ಎಷ್ಟು ಸಲ!

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ, ತಪ್ಪು ಅವಳದ್ದು ಎಂಬ ಹಾಗೆ.

"ನೀವೆಲ್ಲ ನಗ್ತಿದ್ರಿ," ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಮತ್ತೆ ಅಡಿಕೆ ಕತ್ತರಿಸಲು ಶುರು ಮಾಡಿದಳು. ನಾನು ಹೊರಡುವಾಗ ರವಿಕೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿ, ಆ ಹುಡುಗಿಯ ತಾಯಿಗೆ ತೋರಿಸು ಎಂದಷ್ಟೇ ಹೇಳಿದಳು.

ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಶರಾವತಿ ಸೇತುವೆಗೆ ಮೊದಲು ಹೊನ್ನಾವರದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಯೂನಿಫಾರ್ಮಿಲ್ಲದ ಭಾನುವಾರದ ಹುಡುಗಿಯರ ಗುಂಪೊಂದು ಐಸ್‌ಕ್ಯಾಂಡಿ ತಿನ್ನುತ್ತ ನಿಂತಿತ್ತು. ಈ ಊರಿನ ಸುತ್ತಲೇ ಎಲ್ಲೋ ಆ ಗಂಡಿನ ಮನೆ. ಒಬ್ಬಳು ಕ್ಯಾಂಡಿಯ ನೀರು ಅಂಗಿಗೆ ಸುರಿಸಿಕೊಂಡು ಗೆಳತಿಯಿಂದ ಬೈಸಿಕೊಳ್ಳುತ್ತಿದ್ದಳು. ನೋಡಲಾಗದೆ ಮುಖ ತಿರುಗಿಸಿದೆ.

ಮರುದಿನ ಅಂಗಡಿಯ ಬಾಗಿಲು ಎಳೆದು ತೆಂಗಿನಗುಂಡಿಗೆ ಹೋದೆ. ಹುಡುಗಿ ಪರೀಕ್ಷೆಯ ಓದಿಗೆಂದು ಶಾಲೆಗೆ ಹೋಗಿದ್ದಳು. ತಾಯಿ ಅಂಗಳದಲ್ಲಿ ಮೀನು ಹರಡುತ್ತಿದ್ದವಳು ಕೈ ತೊಳೆದು ಬಂದಳು. ಪೇಪರು ಬಿಚ್ಚಿ ಆಯಿಯ ರವಿಕೆ ಕೈಗೆ ಕೊಟ್ಟು, ಆಯಿ ಹೇಳಿದ್ದನ್ನು ಹೇಳಿದೆ. ಈ ಸಲ ಅಭಿನಯಿಸಲಿಲ್ಲ. ಅವಳು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕಪ್ಪು ದಾರದ ತುಣುಕಿನ ಹತ್ತಿರ ನಿಲ್ಲಿಸಿದಳು.

"ಕೂಸು ಹೆಣ್ಣೋ ಗಂಡೋ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ತೋಚಿರಲೂ ಇಲ್ಲ. ಸ್ವಂತ ತಾಯಿಯನ್ನು ಕೇಳದ ಪ್ರಶ್ನೆಯನ್ನು ಈ ಹೆಂಗಸು ಕೇಳಿದಳಲ್ಲ ಎಂದು ತಲೆ ತಗ್ಗಿಸಿದೆ. ನಿಮ್ಮ ಮಗಳ ರವಿಕೆ ನಾನು ಹೊಲಿಯುವುದಿಲ್ಲ, ಮದುವೆ ನಿಲ್ಲಿಸಿ, ಇಲ್ಲವಾದರೆ ಮಕ್ಕಳ ಸಹಾಯವಾಣಿಗೆ ಹೇಳದೆ ಇರುವವಳಲ್ಲ ಎಂದೆ. ಅವಳ ಮುಖ ಬಿಗಿಯಿತು. ಓಣಿಯಲ್ಲಿ ಮಾತು ಕೇಳುವವಳು ನಾನು, ನೀವಲ್ಲ ಎಂದಳು. ಮಗಳು ಯಾರ ಜೊತೆಗಾದರೂ ಓಡಿಹೋದರೆ ಗಂಡ ನನ್ನನ್ನು ಸುಮ್ಮನೆ ಬಿಡುತ್ತಾನೆಯೇ ಎಂದಳು. ಬಟ್ಟೆ ವಾಪಸ್ ಕೊಡಿ, ಬೇರೆ ಕಡೆ ಹೊಲಿಸುತ್ತೇನೆ ಎಂದಳು. ಚೀಲದಲ್ಲೇ ತಂದಿದ್ದ ಕೆಂಪು ರೇಷ್ಮೆಯನ್ನು ಕೊಟ್ಟೆ. ಅವಳು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಭಟ್ಕಳದಲ್ಲಿ ಹೊಲಿಯುವವರಿಗೆ ಬರವೇ? ನಾನಲ್ಲದಿದ್ದರೆ ಇನ್ನೊಬ್ಬಳು. ಮೂರು ದಿನ ತಳಮಳಿಸಿ, ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ಕಾದು, ಸಹಾಯವಾಣಿಗೆ ಫೋನ್ ಮಾಡಿದೆ. ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಪೊಲೀಸರ ಜೊತೆ ಆ ಮನೆಗೆ ಹೋಗಿ ಮುಚ್ಚಳಿಕೆ ಬರೆಸಿಕೊಂಡು ಬಂದರು ಎಂದು ವಾರದೊಳಗೆ ಸುದ್ದಿಯಾಯಿತು. ಮದುವೆ ನಿಂತಿತು. ಹೇಳಿದ್ದು ಯಾರು ಎಂದು ಯಾರೂ ಅವರಿಗೆ ತಿಳಿಸಿರಲಿಕ್ಕಿಲ್ಲ, ಆದರೂ ಓಣಿಗೆ ತಿಳಿಯದೆ ಇರುತ್ತದೆಯೇ. ಆ ಕಡೆಯ ಗಿರಾಕಿಗಳು ಬರುವುದು ನಿಂತಿತು. ಮೀನು ಪೇಟೆಯಲ್ಲಿ ಒಬ್ಬಳು ನನ್ನನ್ನು ಕಂಡು, ಇವಳ ತಾಯಿಯ ಮದುವೆ ಏನು ಇಪ್ಪತ್ತಕ್ಕೆ ಆಗಿತ್ತೇ ಎಂದು ನನಗೆ ಕೇಳುವ ಹಾಗೆ ಅಂದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಬಂಗಡೆಯ ಚೀಲ ಹಿಡಿದು ಮನೆಗೆ ಬಂದೆ.

ಜೂನಿನಲ್ಲಿ ಮಳೆ ಹಿಡಿದ ಒಂದು ಬೆಳಿಗ್ಗೆ ಆ ಹುಡುಗಿ ಒಬ್ಬಳೇ ಕೊಡೆ ಮಡಿಚುತ್ತ ಅಂಗಡಿಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಕಾಲೇಜಿನ ಯೂನಿಫಾರ್ಮಿನ ಬಟ್ಟೆ. ನಾನು ಸ್ಟೂಲು ಕೊಟ್ಟು ಫ್ಯಾನು ತಿರುಗಿಸಿದೆ. ಮಳೆಗೆ ಮೊದಲೇ ಚಳಿಯಾಗಿದ್ದ ಅವಳು ಫ್ಯಾನು ಬೇಡ ಎಂದಳು. ಎಲ್ಲ ಹೇಗೆ ಆಯಿತು ಎಂದು ಮೆಲ್ಲಗೆ ಕೇಳಿದೆ. ಇಲಾಖೆಯ ಹೆಂಗಸು ಹುಡುಗಿಯ ವಯಸ್ಸು ಕೇಳಿದಾಗ ಅಪ್ಪ ಹದಿನೆಂಟು ಎನ್ನಲು ಬಾಯಿ ತೆರೆದಿದ್ದನಂತೆ. ಅವನು ಮಾತು ಮುಗಿಸುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ, ಇನ್ನೂ ಹದಿನಾರು ತುಂಬಲಿಲ್ಲ, ಶಾಲೆಯ ದಾಖಲೆ ಒಳಗಿದೆ, ತಂದು ಕೊಡುತ್ತೇನೆ ಎಂದಳಂತೆ. ಆಮೇಲೆ ಹದಿನೈದು ದಿನ ಅಪ್ಪ ತಾಯಿಯೊಡನೆ ಮಾತು ಬಿಟ್ಟಿದ್ದನಂತೆ. ಕೆಂಪು ಬಟ್ಟೆಯನ್ನು ಅವಳು ಬೇರೆ ಯಾರಿಗೂ ಹೊಲಿಯಲು ಕೊಟ್ಟೇ ಇರಲಿಲ್ಲವಂತೆ. ಹುಡುಗಿ ಇದನ್ನೆಲ್ಲ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿ, ಅಳತೆಗೆ ಎದ್ದು ನಿಂತಳು.

"ಒಳ್ಗೆ ಬಟ್ಟೆ ಬಿಡೂಕೆ ಹೇಳಿದ್ರು ಅಮ್ಮ. ಎರಡು ವರ್ಷ ಬರಬೇಕಂತೆ."

ಕಾಲಿನ ಉದ್ದ ಅಳೆದೆ. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದೆ. ಹೋದ ಜೂನಿಗಿಂತ ಒಂದೂಕಾಲು ಇಂಚು ಹೆಚ್ಚು. ಮದುವೆಯಾಗಿದ್ದರೆ ಆ ರವಿಕೆಗೆ ಇನ್ನೂ ಎರಡು ತಿಂಗಳೂ ಆಗಿರುತ್ತಿರಲಿಲ್ಲ. ಪುಸ್ತಕದಲ್ಲಿ ಹೊಸ ಅಳತೆ ಬರೆದೆ, ಮೂಲೆಯಲ್ಲಿ 'ಜಾಸ್ತಿ ಬಿಡು' ಎಂದೂ ಬರೆದೆ.

ಮಾರ್ಚಿನಿಂದ ಆಯಿಗೆ ಮುಖ ತೋರಿಸಲಾಗದೆ ರೂಢಿ ತಪ್ಪಿಸಿದ್ದೆ. ಆ ಭಾನುವಾರ ಧಾರೇಶ್ವರಕ್ಕೆ ಹೋಗಿ ರವಿಕೆಯನ್ನು ಆಯಿಗೆ ವಾಪಸ್ ಕೊಟ್ಟೆ. ತಿಂಗಳುಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನೂ ಕೇಳಿದೆ. ಹೆಣ್ಣು ಎಂದಳು. ಹೆಸರಿಡುವ ಹೊತ್ತೂ ಸಿಗಲಿಲ್ಲ ಎಂದಳು. ಆಮೇಲೆ ತೆಂಗಿನಗುಂಡಿಯ ಹುಡುಗಿ ಏನಾದಳು ಎಂದು ವಿಚಾರಿಸಿದಳು. ಕಾಲೇಜಿಗೆ ಸೇರಿದಳು, ಒಂದೇ ವರ್ಷದಲ್ಲಿ ಒಂದೂಕಾಲು ಇಂಚು ಬೆಳೆದಿದ್ದಾಳೆ ಎಂದು ನಾನು ಟೇಪಿನಲ್ಲಿ ತೋರಿಸಿದೆ. ಆಯಿ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಒಂದೂಕಾಲು ಇಂಚನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ನೋಡಿದಳು.

"ನಂಗೂ ಇನ್ನೂ ಬೆಳೂಕೆ ಇತ್ತು ಕಾಣ್ತದೆ," ಎಂದಳು.